ಮರೆಪ್ಪ ಕಾಕಾನಿಗೆ ನಾನು ಕಟ್ಟಿದ ಉಡದಾರ

ಯಾದಗಿರಿಯ ಬೇಸಿಗೆಯಲ್ಲಿ ರೋಗಿಯ ಮೈಮೇಲೆ ಪ್ಲಾಸ್ಟರ್ ನಿಲ್ಲುವುದಿಲ್ಲ. ಇದನ್ನು ನರ್ಸಿಂಗ್ ಪುಸ್ತಕದಲ್ಲಿ ಬರೆದಿಲ್ಲ. ಬರೆದವರು ಏಪ್ರಿಲ್ ತಿಂಗಳಲ್ಲಿ ಈ ಕಡೆ ಬಂದವರಲ್ಲ. ಬೆಳಿಗ್ಗೆ ಅಂಟಿಸಿದ್ದು ಮಧ್ಯಾಹ್ನದ ಹೊತ್ತಿಗೆ ಬೆವರಿಗೆ ಜಾರುತ್ತದೆ, ಅಂಚು ಸುತ್ತಿಕೊಳ್ಳುತ್ತದೆ, ಅಂಟು ಕರಗಿ ಒಂದು ಕಮಟು ವಾಸನೆ ಹೊರಡುತ್ತದೆ. ಈಗ ನಾನು ಸುರಪುರದಲ್ಲಿ ಕೆಲಸ ಮಾಡುತ್ತೇನೆ. ಈ ವರ್ಷ ಹೋಳಿ ಮುಗಿದ ವಾರವೇ ಡ್ರೆಸ್ಸಿಂಗ್ ಕೋಣೆಯಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಹೊರಗೆ ಹೋಗಿ ನಿಂತೆ. ಜೊತೆಯವಳು ಏನಾಯಿತೆಂದು ಕೇಳಿದ್ದಕ್ಕೆ ಝಳ ತಡೆಯಲಾಗಲಿಲ್ಲ ಎಂದೆ. ನನಗೆ ಮರೆಪ್ಪ ಕಾಕಾ ನೆನಪಾಗಿದ್ದರು.

ನಾಲ್ಕು ವರ್ಷದ ಹಿಂದಿನ ಬೇಸಿಗೆ ಅದು. ಆಗ ನಾನು ಯಾದಗಿರಿಯ ಒಂದು ಆಸ್ಪತ್ರೆಯಲ್ಲಿ ಸರ್ಜಿಕಲ್ ವಾರ್ಡಿನ ನರ್ಸು. ಆಸ್ಪತ್ರೆಯ ಹೆಸರು ಬೇಡ, ತಪ್ಪು ಅದರದಲ್ಲ. ನಾನು ಹುಟ್ಟಿದ್ದು ಶಹಾಪುರದಲ್ಲಿ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಬಾಯಿ ಎರಡರಲ್ಲೂ ಜೋರು. ಯಾವ ಸಾಮಾನು ಇಲ್ಲದಿದ್ದರೂ ಏನಾದರೊಂದು ಉಪಾಯ ಹೂಡಿ ಕೆಲಸ ಸಾಗಿಸುವವಳೆಂದು ವಾರ್ಡಿನಲ್ಲಿ ಹೆಸರಿತ್ತು. "ಶಾಹೀನ್‌ಗ ಕೇಳ್ರಿ, ಆಕಿ ಏನರ ಹುಡುಕ್ತಾಳ" ಎಂದು ಡಾಕ್ಟರೇ ಅನ್ನುತ್ತಿದ್ದರು. ಆ ಮಾತಿನಿಂದ ನನಗೆ ಸ್ವಲ್ಪ ಸೊಕ್ಕೂ ಬಂದಿತ್ತು.

ಮರೆಪ್ಪ ಕಾಕಾನನ್ನು ಒಂದು ಮಧ್ಯಾಹ್ನ ಮಗ ಪ್ರಕಾಶ ಶಹಾಪುರದಿಂದ ಕರೆತಂದ. ಎಪ್ಪತ್ತು ದಾಟಿದ ಮನುಷ್ಯ, ಬಲ ಪಕ್ಕೆಯ ಕೆಳಗೆ ಕೈ ಒತ್ತಿ ಹಿಡಿದು ಬಾಗಿಕೊಂಡೇ ಒಳಗೆ ಬಂದರು. ಮೂರು ದಿನದಿಂದ ಜ್ವರ, ವಾಂತಿ. ಹೆಂಡತಿ ನಾಗಮ್ಮ ಹಿಂದೆಯೇ ನೀರಿನ ಬಾಟಲಿ ಹಿಡಿದು ಬಂದಳು. ಸ್ಕ್ಯಾನ್ ಮಾಡಿದಾಗ ಪಿತ್ತಕೋಶ ಊದಿಕೊಂಡು ಕೀವು ಕಟ್ಟಿತ್ತು, ಅದರ ಬಾಯಿಗೆ ಕಲ್ಲು ಸಿಕ್ಕಿತ್ತು. ಬೇರೆಯವರಾದರೆ ಆಪರೇಷನ್ ಮಾಡಿ ಪಿತ್ತಕೋಶವನ್ನೇ ತೆಗೆದುಬಿಡುತ್ತಾರೆ, ನಾಲ್ಕು ದಿನಕ್ಕೆ ಮನೆಗೆ ಕಳಿಸುತ್ತಾರೆ. ಆದರೆ ಕಾಕಾನಿಗೆ ಎರಡು ವರ್ಷದ ಹಿಂದೆ ಹೃದಯಾಘಾತವಾಗಿತ್ತು. ಹೃದಯ ಅರ್ಧಕ್ಕಿಂತ ಕಡಿಮೆ ಬಲದಲ್ಲಿ ಬಡಿದುಕೊಳ್ಳುತ್ತಿತ್ತು. ಸಕ್ಕರೆ ಕಾಯಿಲೆ ಬೇರೆ, ಕಿಡ್ನಿಯೂ ಸೋಲುತ್ತಾ ಬಂದಿತ್ತು.

ಸರ್ಜನ್ ಪ್ರಕಾಶನನ್ನು ಬಾಗಿಲ ಹೊರಗೆ ಕರೆದು ಹೇಳಿದರು: "ಕೊಯ್ದರ ಟೇಬಲ್ ಮ್ಯಾಲೇ ಹೋಗ್ತಾರ. ಹಂಗೇ ಬಿಟ್ಟರ ಈ ವಾರ ದಾಟೂದಿಲ್ಲ. ನಡುವ ಒಂದು ದಾರಿ ಅದ. ಹೊರಗಿಂದ ಚರ್ಮದಾಗ ಸೂಜಿ ಚುಚ್ಚಿ, ಪಿತ್ತಕೋಶಕ್ಕ ಒಂದು ಸಣ್ಣ ಪೈಪ್ ಹಾಕಿ ಆ ಕೆಟ್ಟ ನೀರು ತಗೀತೀವಿ. ಮಂಪರು ಕೊಡೂದು ಬೇಕಾಗಿಲ್ಲ."

"ಅಷ್ಟಕ್ಕ ಆರಾಮ ಆಗ್ತದೇನ್ರಿ ಸರ್?"

"ಈ ಸಲದ್ದು ತಪ್ಪತದ," ಎಂದರು ಸರ್ಜನ್. ಮುಂದಿನ ಸಲದ ಮಾತು ಅವರು ಎತ್ತಲಿಲ್ಲ, ಪ್ರಕಾಶನೂ ಕೇಳಲಿಲ್ಲ.

ಸ್ಕ್ಯಾನ್ ಡಾಕ್ಟರು ವಾರಕ್ಕೆ ಎರಡು ದಿನ ಕಲಬುರಗಿಯಿಂದ ರೈಲಿನಲ್ಲಿ ಬರುತ್ತಿದ್ದರು. ಪುಣ್ಯಕ್ಕೆ ಮರುದಿನವೇ ಅವರ ದಿನ. ಕಾಕಾನ ಪಕ್ಕೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸ್ಕ್ಯಾನ್ ಪರದೆ ನೋಡುತ್ತಾ ಲಿವರಿನ ಮೂಲಕ ಸೂಜಿ ಇಳಿಸಿದರು. ನಾನು ಕಾಕಾನ ಎಡಗೈ ಹಿಡಿದು ನಿಂತಿದ್ದೆ. ಸೂಜಿಯ ದಾರಿಯಲ್ಲೇ ಪೈಪು ಒಳಗೆ ಹೋಗಿ, ಜಾರದಂತೆ ತುದಿ ಸುರುಳಿ ಸುತ್ತಿಕೊಂಡು ಕೂತಿತು. ಪೈಪು ಚರ್ಮದ ಹತ್ತಿರ ಒಂದು ಹೊಲಿಗೆಯಲ್ಲಿ ನಿಂತಿತು. ಮೊದಲು ಕಪ್ಪು, ಆಮೇಲೆ ಹಸಿರು, ನಡುನಡುವೆ ಕೀವು, ಹೀಗೆ ಪೈಪಿನ ತುದಿಗೆ ಸಿಕ್ಕಿಸಿದ ಚೀಲಕ್ಕೆ ಬಂತು. ಕೋಣೆಯೆಲ್ಲ ಕೆಟ್ಟ ವಾಸನೆ. ಕಾಕಾ ಕಣ್ಣು ತೆರೆದು ಕೇಳಿದ ಮೊದಲ ಮಾತು: "ಎಷ್ಟು ಬಂತವ್ವಾ?"

"ನೂರಾ ಐವತ್ತು ಆಗ್ಯಾದ್ರಿ ಕಾಕಾ."

"ನಿಂತು ನೋಡಿದೇನು? ಬಗ್ಗಿ ಮಟ್ಟಕ್ಕ ಕಣ್ಣು ಇಟ್ಟು ನೋಡು. ಮ್ಯಾಲಿಂದ ನೋಡಿದ್ರ ನೀರು ಸುಳ್ಳು ಹೇಳ್ತದ."

ಆಗ ಗೊತ್ತಾಯಿತು, ಕಾಕಾ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕಾಲುವೆ ಇಲಾಖೆಯಲ್ಲಿ ಗೇಜ್ ರೀಡರ್. ಕೃಷ್ಣಾ ಕಾಲುವೆಯ ಗೋಡೆಯ ಮೇಲೆ ಬರೆದ ಅಂಕಿಗಳ ಮುಂದೆ ದಿನಾ ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ನೀರಿನ ಮಟ್ಟ ಬರೆದುಕೊಂಡು ಬಂದ ಮನುಷ್ಯ. ಎರಡು ದಿನಕ್ಕೆ ಜ್ವರ ಇಳಿಯಿತು, ನೋವು ಹೋಯಿತು. ಮೂರನೆಯ ದಿನ ಮಗನಿಂದ ನೋಟುಬುಕ್ಕು ತರಿಸಿಕೊಂಡು ಚೀಲದ ಲೆಕ್ಕ ತಾವೇ ಬರೆಯಲು ಶುರುಮಾಡಿದರು. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ. ನಾನು ಚಾರ್ಟಿನಲ್ಲಿ ಬರೆದದ್ದಕ್ಕೂ ಅವರ ಪುಸ್ತಕಕ್ಕೂ ಹತ್ತು ಮಿಲಿ ವ್ಯತ್ಯಾಸ ಬಂದರೆ ಗೆದ್ದವರು ಅವರೇ. "ಏನವ್ವಾ ಶಾಹೀನ, ನೀ ನಮ್ಮ ಡಿಪಾರ್ಟ್ಮೆಂಟಿನ್ಯಾಗ ಇದ್ದಿದ್ರ ಯಾವಾಗೋ ಸಸ್ಪೆಂಡ್ ಆಗ್ತಿದ್ದಿ" ಎಂದು ನಗುತ್ತಿದ್ದರು.

ಅವರ ನಗು ನೋಡಿ ವಾರ್ಡಿಗೆಲ್ಲ ಸಂತೋಷ. ನನಗೆ ಮಾತ್ರ ಅಷ್ಟು ಸಂತೋಷವಾಗಲಿಲ್ಲ. ಅವರ ಫೈಲು ನನ್ನ ಕೈಯಲ್ಲಿತ್ತು. ಹೃದಯದ ಡಾಕ್ಟರು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರು: ಆಪರೇಷನ್ ಯಾವತ್ತಿಗೂ ಆಗದು. ಅಂದರೆ ಕಲ್ಲು ಅಲ್ಲೇ ಇರುತ್ತದೆ, ಪೈಪೂ ಇರಬೇಕು, ಎರಡು ಮೂರು ತಿಂಗಳಿಗೊಮ್ಮೆ ಹೊಸದು ಹಾಕಬೇಕು, ಹೃದಯ ಎಲ್ಲಿಯವರೆಗೆ ನಡೆಯುತ್ತದೋ ಅಲ್ಲಿಯವರೆಗೆ. ಎಲ್ಲಕ್ಕಿಂತ ಮುಖ್ಯವಾಗಿ ಮೊದಲ ಆರು ವಾರ ಪೈಪು ಅಲುಗಬಾರದು. ಅಷ್ಟರಲ್ಲಿ ಪೈಪಿನ ಸುತ್ತ ಮಾಂಸ ಕೂಡಿಕೊಂಡು ಒಂದು ದಾರಿ ಗಟ್ಟಿಯಾಗುತ್ತದೆ. ಅದಕ್ಕೂ ಮೊದಲೇ ಪೈಪು ಹೊರಬಿದ್ದರೆ ಪಿತ್ತ ಹೊಟ್ಟೆಯೊಳಗೆ ಸೋರುತ್ತದೆ. ಆ ಹೃದಯಕ್ಕೆ ಅದನ್ನು ತಡೆಯುವ ಶಕ್ತಿ ಇರಲಿಲ್ಲ.

"ಆರು ವಾರ ಆದ ಮ್ಯಾಲೆ ಇದನ್ನ ತಗೀತೀರಿ ಹೌದಿಲ್ಲೋ?" ಎಂದು ಕಾಕಾ ದಿನಕ್ಕೊಮ್ಮೆ ಕೇಳುತ್ತಿದ್ದರು.

"ನೋಡೋಣ್ರಿ ಕಾಕಾ," ಎನ್ನುತ್ತಿದ್ದೆ. ನಮ್ಮ ಕೆಲಸದಲ್ಲಿ ಈ ಮಾತಿಗೆ ಇಲ್ಲವೆಂದೇ ಅರ್ಥ. ಅವರಿಗೂ ಇದು ಗೊತ್ತಿತ್ತೋ ಏನೋ, ಒಂದು ದಿನ ಕೇಳುವುದನ್ನು ನಿಲ್ಲಿಸಿದರು.

ಮನೆಗೆ ಕಳಿಸುವ ದಿನ ಹತ್ತಿರ ಬಂದಾಗ ಚೀಲದ್ದೇ ಚಿಂತೆಯಾಯಿತು. ಮಂಚದ ಮೇಲಿದ್ದರೆ ಚೀಲವನ್ನು ಮಂಚದ ಸರಳಿಗೆ ಕಟ್ಟಬಹುದು. ಎದ್ದು ಅಡ್ಡಾಡುವವರಿಗೆ ಎಲ್ಲಿ ಕಟ್ಟುವುದು? ಹೊಟ್ಟೆಗೆ ಪ್ಲಾಸ್ಟರ್ ಹಾಕಿ ನಿಲ್ಲಿಸಿದೆ, ಒಂದೇ ತಾಸಿಗೆ ಜಾರಿ ಕೆಳಗೆ ಬಂತು. ಇದಕ್ಕೆಂದೇ ಬರುವ ಬೆಲ್ಟು ಇಡೀ ಯಾದಗಿರಿಯಲ್ಲಿ ಸಿಗಲಿಲ್ಲ. ನಾಗಮ್ಮ ಚೀಲವನ್ನು ಕೈಚೀಲದಲ್ಲಿಟ್ಟು ಗಂಡನ ಹಿಂದೆ ಹಿಂದೆ ನಡೆದಳು. ಕಾಕಾನಿಗೆ ನಾಚಿಕೆ. "ಎಮ್ಮಿ ಹಿಂದ ಕರಾ ಬಂದಂಗ ಕಾಣ್ತದ. ಮಂದಿ ನೋಡಿ ಏನಂದಾರು?"

ಆಗ ನನಗೆ ಉಪಾಯ ಹೊಳೆಯಿತು. ನಮ್ಮ ಕಡೆ ಗಂಡಸರ ನಡುವಿನಲ್ಲಿ ಒಂದು ಕರಿ ಉಡದಾರ ಇದ್ದೇ ಇರುತ್ತದೆ. ಬೀಗದ ಕೈ, ಹಲ್ಲು ಕೆದಕುವ ಕಡ್ಡಿ, ತಾಯತ, ಎಲ್ಲ ಅದಕ್ಕೇ ತೂಗುಬೀಳುವುದು. ಬೆವರಿದರೂ ಜಾರದು, ಮಲಗಿದರೂ ಬಿಚ್ಚದು. ಚೀಲವನ್ನು ಅದಕ್ಕೇ ಕಟ್ಟಿ ಮೇಲೆ ಅಂಗಿ ಬಿಟ್ಟರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಕಾಕಾನ ಅಂಗಿ ಎತ್ತಿ ನೋಡಿದೆ. ನಡು ಬರಿದು.

"ಉಡದಾರ ಎಲ್ಲಿ ಅದ್ರಿ ಕಾಕಾ?"

"ಕಡದು ಒಗದು ನಲವತ್ತು ವರ್ಷ ಆಯ್ತವ್ವಾ. ಬುದ್ಧನ ಕಡಿ ಬಂದ ದಿನ ನಾನೂ ನನ್ನ ಗೆಳ್ಯಾರೂ ಕೂಡಿ ಕಾಲುವಿಗಿ ಒಗದ್ವಿ. ನಮ್ಮಣ್ಣ ವರ್ಷಗಟ್ಟಲೆ ಮಾತಾಡಿಸಲಿಲ್ಲ."

"ಇದು ದೇವರದಲ್ರಿ, ದವಾಖಾನಿದು," ಎಂದು ನಾನು ಹಟ ಹಿಡಿದೆ. ನಾಗಮ್ಮ ಕೆಳಗಿನ ಅಂಗಡಿಯಿಂದ ದಪ್ಪನೆಯ ಕರಿ ದಾರ ತಂದಳು. ಮೂರು ಎಳೆ ಹೊಸೆದು ಕಾಕಾನ ನಡುವಿಗೆ ಕಟ್ಟಿದೆ, ಪೈಪನ್ನು ಒಂದು ಸುತ್ತು ಸುತ್ತಿ ಚೀಲವನ್ನು ಅದಕ್ಕೆ ತೂಗುಬಿಟ್ಟೆ. ಕಾಕಾ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೈ ಬೀಸಿಕೊಂಡು ನಡೆದರು. ಸರ್ಜನ್ ನೋಡಿ ಭಲೇ ಎಂದರು. ಕಾಕಾ ನನ್ನತ್ತ ತಿರುಗಿ, "ನನ್ನ ನಡಕ್ಕ ಮತ್ತ ಉಡದಾರ ಕಟ್ಟಿಸಿದಾಕಿ ನೀನೊಬ್ಬಾಕಿ ನೋಡವ್ವಾ. ನಮ್ಮಪ್ಪನ ಕೈಲೇ ಆಗಲಿಲ್ಲ" ಎಂದರು. ನಾನು ಬೀಗಿ ಹೋದೆ.

ನಾಗಮ್ಮನನ್ನು ಕೂರಿಸಿಕೊಂಡು ಎಚ್ಚರಿಕೆಗಳನ್ನೆಲ್ಲ ಹೇಳಿಕೊಟ್ಟೆ. ಚೀಲ ತುಂಬಲು ಬಿಡಬೇಡಿ, ಪೈಪು ಮಡಚಬಾರದು, ಗಾಯಕ್ಕೆ ನೀರು ತಾಗಬಾರದು, ಜ್ವರ ಬಂದರೆ ತಕ್ಷಣ ಬನ್ನಿ. ಉಡದಾರ ತೆಗೆಯಬೇಡಿ ಎಂದು ಹೇಳಲಿಲ್ಲ. ಉಡದಾರವನ್ನು ಯಾರಾದರೂ ತೆಗೆಯುತ್ತಾರೆಂದು ನನಗೆ ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಮ್ಮ ತಮ್ಮನಿಗೆ ದರ್ಗಾದಲ್ಲಿ ಕಟ್ಟಿಸಿದ್ದು ಸವೆದು ತಾನಾಗಿಯೇ ಬಿದ್ದಿತ್ತು. ನನಗೆ ಗೊತ್ತಿದ್ದದ್ದು ಅಷ್ಟೇ.

ಪೈಪು ಹಾಕಿ ಎರಡು ವಾರವಾದಾಗ ಡ್ರೆಸ್ಸಿಂಗಿಗೆ ಬಂದರು. ಬಿಸಿಲು ಇನ್ನಷ್ಟು ಏರಿತ್ತು, ಮಧ್ಯಾಹ್ನ ಸ್ಟೇಷನ್ ರಸ್ತೆಯಲ್ಲಿ ನಾಯಿಯೂ ಅಡ್ಡಾಡುತ್ತಿರಲಿಲ್ಲ. ಗಾಯ ಬಿಚ್ಚಿದಾಗ ಚರ್ಮ ಬೆವರಿಗೆ ಬೆಂದು ಹೊಲಿಗೆ ಹರಿದುಕೊಂಡು ಬಂದದ್ದು ಕಂಡಿತು. ಒಂದು ಎಳೆಯಲ್ಲಿ ನಿಂತಿತ್ತು. ಅವತ್ತು ಸ್ಕ್ಯಾನ್ ಡಾಕ್ಟರ ದಿನವಲ್ಲ. ಸರ್ಜನ್ ಆಪರೇಷನ್ ಕೋಣೆಯಲ್ಲಿದ್ದರು. ಕಾಯಿಸಬಹುದಿತ್ತು. ಕಾಕಾ ದಣಿದಿದ್ದರು, ಶಹಾಪುರದ ಬಸ್ಸಿಗೆ ಹೊತ್ತಾಗಿತ್ತು. ಉಡದಾರ ಗಟ್ಟಿಯಾಗಿದೆಯಲ್ಲ ಎಂದುಕೊಂಡೆ. ಹೊಸ ಬಟ್ಟೆ ಸುತ್ತಿ, "ಮುಂದಿನ ವಾರ ಬರ್ರಿ, ಹೊಲಿಗಿ ಹಾಕಸ್ತೀನಿ" ಎಂದು ಕಳಿಸಿದೆ.

ಆ ವಾರದಲ್ಲೇ ಅವರ ಅಣ್ಣ ತೀರಿಹೋದರು. ಕೊಂಕಲ್ ಕಡೆಯ ಹಳ್ಳಿಯಲ್ಲಿ ಅವರ ಮನೆ. ಈ ಸ್ಥಿತಿಯಲ್ಲಿ ಹೋಗಬೇಡ ಎಂದು ಪ್ರಕಾಶ ಹೇಳಿದ್ದಾನೆ. ಕಾಕಾ ಕೇಳಿಲ್ಲ. ಮಣ್ಣಿಗೆ ಹೋದರು, ಮೂರನೆಯ ದಿನ ಸೂತಕ ಕಳೆಯುವುದಕ್ಕೂ ಹೋದರು. ಆ ಮನೆತನದಲ್ಲಿ ಹಿರಿಯರು ಸತ್ತರೆ, ಸೂತಕ ಕಳೆಯುವ ದಿನ ರಕ್ತಸಂಬಂಧದ ಗಂಡಸರೆಲ್ಲ ಹಳೆಯ ಉಡದಾರ ಕಡಿಸಿಕೊಂಡು, ಮಿಂದು, ಹೊಸದು ಕಟ್ಟಿಕೊಳ್ಳಬೇಕು. ಸಾಲಾಗಿ ಕಟ್ಟೆಯ ಮೇಲೆ ಕೂತಿದ್ದವರ ಮುಂದೆ ಕತ್ತರಿ ಹಿಡಿದು ಬಂದ ಹಿರಿಯ, ಕಾಕಾನ ಅಂಗಿ ಸರಿಸಿದಾಗ ಉಡದಾರ ಕಂಡಿದೆ. ನಲವತ್ತು ವರ್ಷದಿಂದ ಬರಿನಡುವಿನಲ್ಲಿದ್ದ ತಮ್ಮ, ಅಣ್ಣ ಹೋದಾಗ ಕುಲದ ಕಡೆ ಬಂದ ಎಂದು ಹೆಂಗಸರು ಕಣ್ಣೊರೆಸಿಕೊಂಡರಂತೆ. ಕಾಕಾ ಏನೋ ಹೇಳಲು ಬಾಯಿ ತೆರೆದರು. ಪಕ್ಕದಲ್ಲೇ ನಿಂತಿದ್ದ ನಾಗಮ್ಮ, "ಸತ್ತವರ ಮನ್ಯಾಗ ವಾದ ಬ್ಯಾಡ. ಸುಮ್ನಿರು, ಕಡೀಲಿ. ದಾರ ತಾನೆ?" ಎಂದಳು.

ಕಡಿದಾಗ ಏನೂ ಆಗಲಿಲ್ಲ. ಚೀಲ ತೊಡೆಯ ಮೇಲಿತ್ತು. ಆ ಗದ್ದಲದಲ್ಲಿ ಬೆಳಿಗ್ಗೆಯಿಂದ ಅದನ್ನು ಯಾರೂ ಖಾಲಿ ಮಾಡಿರಲಿಲ್ಲ. ಮೀಯಲು ಹೋಗೋಣವೆಂದು ಕಾಕಾ ಎದ್ದು ನಿಂತರು. ತುಂಬಿದ ಚೀಲ ಧೊಪ್ಪನೆ ಕೆಳಗೆ ಬಿತ್ತು, ಪೈಪು ಅದರ ಜೊತೆಗೇ ಬಂತು.

ರಕ್ತ ಬರಲಿಲ್ಲ, ನೋವೂ ಅಷ್ಟಾಗಿ ಇರಲಿಲ್ಲ. ಸಣ್ಣ ತೂತು. ಅರಿಶಿನ ಒತ್ತಿ ಬಟ್ಟೆ ಕಟ್ಟಿದರು. ನಾಳೆ ಹೋದರಾಯಿತು ಎಂದು ಎಲ್ಲರಿಗೂ ಅನಿಸಿತು. ಮರುದಿನ ಮಧ್ಯಾಹ್ನ ಪ್ರಕಾಶ ಕಾಕಾನನ್ನು ಆಟೋದಿಂದ ಎತ್ತಿಕೊಂಡೇ ಒಳಗೆ ತಂದ. ಹೊಟ್ಟೆ ಹಲಗೆಯಂತಾಗಿತ್ತು. ನಾಗಮ್ಮ ಆ ಪೈಪನ್ನೂ ಚೀಲವನ್ನೂ ತೊಳೆದು ಒಣಗಿಸಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. "ಇದನ್ನ ಮತ್ತ ಹಾಕ್ರವ್ವಾ" ಎಂದು ನನ್ನ ಕೈಗೆ ಕೊಟ್ಟಳು.

ಹಾಕಲು ಬರುವುದಿಲ್ಲ. ಸ್ಕ್ಯಾನ್ ಡಾಕ್ಟರು ಬಂದು ನೋಡಿದರು. ಪಿತ್ತವೆಲ್ಲ ಹೊಟ್ಟೆಗೆ ಸೋರಿ ಪಿತ್ತಕೋಶ ಮುದುಡಿಕೊಂಡಿತ್ತು, ಸೂಜಿಗೆ ಗುರಿಯೇ ಇರಲಿಲ್ಲ. ಸೋರಿದ್ದನ್ನು ತೆಗೆಯಲು ಹೊಟ್ಟೆಗೆ ಬೇರೊಂದು ಪೈಪು ಹಾಕಿದರು. ಕಲಬುರಗಿಗೆ ಒಯ್ಯಲೇ ಎಂದು ಪ್ರಕಾಶ ಕೇಳಿದ. ಸರ್ಜನ್, "ಒಯ್ಯಬಹುದು. ಅಲ್ಲಿಯೂ ಕೊಯ್ಯೂದಿಲ್ಲ. ದಾರಿ ಒಂದು ಹೆಚ್ಚಿಗಿ ಆಗ್ತದ" ಎಂದರು.

ಮೂರು ದಿನ ಇದ್ದರು. ಎರಡನೆಯ ದಿನ ಬೆಳಿಗ್ಗೆ ಎಚ್ಚರವಿತ್ತು. ಪ್ರಕಾಶನೂ ನಾಗಮ್ಮನೂ ಚಹಾಕ್ಕೆ ಹೋಗಿದ್ದರು. ನಾನು ಬಗ್ಗಿ ಹೇಳಿದೆ, "ನನ್ನಿಂದ ತಪ್ಪಾತ್ರಿ ಕಾಕಾ. ಹೊಲಿಗಿ ಹರದದ್ದು ಹೋದ ವಾರನೇ ನೋಡಿದ್ದೆ. ಉಡದಾರ ಕಡೀಬ್ಯಾಡ್ರಿ ಅಂತ ಹೇಳಬೇಕಿತ್ತು, ಅದನ್ನೂ ಹೇಳಲಿಲ್ಲ."

ಕಾಕಾ ಕಣ್ಣು ಮುಚ್ಚಿಕೊಂಡೇ ಇದ್ದರು. ಆಮೇಲೆ, "ಅಣ್ಣ ಸತ್ತಿದ್ದ. ಅವನ ಸಲುವಾಗಿ ಒಂದು ದಾರ ಕಡಿಸಿಕೊಂಡರ ಏನಾಯ್ತು ಅಂತ ನನಗೂ ಅನಿಸ್ತವ್ವಾ" ಎಂದರು. ತುಟಿ ಒಣಗಿದ್ದವು. ಹತ್ತಿ ಅದ್ದಿ ಒರೆಸಿದೆ. "ಆಕಿಗಿ ಇದನ್ನೆಲ್ಲ ಹೇಳು," ಎಂದರು. "ನಾ ಸುಮ್ನಿರು ಅಂದಿದ್ದಕ್ಕ ಹಿಂಗಾತು ಅಂತ ಅಳಾಕತ್ತಾಳ. ನನ್ನ ಮಾತು ಕೇಳವಲ್ಲಳು. ನೀ ದವಾಖಾನಿಯಾಕಿ, ನೀ ಹೇಳಿದ್ರ ಕೇಳ್ತಾಳ."

"ಹೇಳ್ತೀನ್ರಿ ಕಾಕಾ," ಎಂದೆ.

ಮರುದಿನ ಮಧ್ಯಾಹ್ನ ಹೋದರು. ಕಾಗದಪತ್ರ ಬರೆಯುವುದು ನನ್ನ ಪಾಳಿಗೇ ಬಂತು. ಪೈಪು ಹೇಗೆ ಹೊರಬಂತು ಎಂಬಲ್ಲಿ ಆಕಸ್ಮಿಕ ಎಂದು ಬರೆದೆ. ಸುಳ್ಳಲ್ಲ. ಹೊಲಿಗೆ ಹರಿದದ್ದನ್ನು ಅದರಲ್ಲಿ ಬರೆಯಲಿಲ್ಲ. ಮನೆಗೆ ಹೋಗಿ ಅಮ್ಮಿಯ ಮುಂದೆ ಎಲ್ಲ ಹೇಳಿ ಅತ್ತೆ. "ಹೋನಾ ಸೋ ಹುವಾ ಬೇಟಿ" ಎಂದಳು ಅಮ್ಮಿ. ಆಗಬೇಕಾದ್ದು ಆಯಿತು ಎಂದು. ಆ ಮಾತು ನನಗೆ ಬೇಕಿತ್ತು, ಅದನ್ನೇ ಹಿಡಿದುಕೊಂಡೆ.

ತಿಂಗಳ ನಂತರ ನಾಗಮ್ಮ ಮರಣ ಪ್ರಮಾಣಪತ್ರಕ್ಕೆಂದು ಆಸ್ಪತ್ರೆಗೆ ಬಂದಳು. ಮಳೆ ಇನ್ನೂ ಹಿಡಿದಿರಲಿಲ್ಲ, ಮೋಡ ಮಾತ್ರ ಬಂದು ಬಂದು ಹೋಗುತ್ತಿತ್ತು. ವಾರ್ಡಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡೆ. ಆಕೆ ನನ್ನ ಮುಖ ನೋಡುತ್ತಾ ಕೇಳಿದಳು:

"ಖರೇ ಹೇಳವ್ವಾ. ಅವತ್ತು ನಾ ಸುಮ್ನಿರು ಅನ್ನದಿದ್ರ ಅವರು ಉಳೀತಿದ್ರು, ಹೌದಿಲ್ಲೋ?"

ಹೇಳಲು ಇದೇ ಹೊತ್ತು. ಕಾಕಾನಿಗೆ ಮಾತು ಕೊಟ್ಟಿದ್ದೆ. ನಿನ್ನದಲ್ಲಮ್ಮ, ಹೊಲಿಗೆ ಮೊದಲೇ ಹರಿದಿತ್ತು, ನಾನು ನೋಡಿಯೂ ಬಿಟ್ಟೆ ಎಂದರೆ ಮುಗಿಯುತ್ತಿತ್ತು. ಬಾಯಿಗೆ ಬಂದದ್ದು ಬೇರೆ. "ಅವರದು ಅಷ್ಟೇ ಇತ್ತಮ್ಮಾ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ." ಆಕೆ ತಲೆಯಾಡಿಸಿದಳು. ನನ್ನ ಮಾತಿನಲ್ಲಿ 'ಇಲ್ಲ' ಎಂಬ ಉತ್ತರ ಇರಲಿಲ್ಲವೆಂದು ಆಕೆಗೆ ತಿಳಿಯಿತು. ಸೆರಗಿನಿಂದ ಮುಖ ಮುಚ್ಚಿಕೊಂಡು ಎದ್ದುಹೋದಳು. ಒಂದು ಮಾತನ್ನು ಇಲ್ಲಿ ಬರೆಯಲೇಬೇಕು. ಆಕೆ ತಪ್ಪನ್ನೆಲ್ಲ ತನ್ನ ಮೇಲೆ ಹೊತ್ತುಕೊಂಡು ಗೇಟು ದಾಟುವುದನ್ನು ನೋಡಿ, ಆ ಹೊತ್ತಿಗೆ ನನ್ನ ಎದೆ ಹಗುರಾಯಿತು.

ಆಮೇಲೆ ಸುರಪುರಕ್ಕೆ ಬಂದೆ. ಶಹಾಪುರ ದೂರವೇನಲ್ಲ, ಬಸ್ಸಿಗೆ ತಾಸಿನ ದಾರಿ. ಪ್ರತಿ ವರ್ಷ ಈ ಬೇಸಿಗೆಗೆ ಹೋಗಿ ಹೇಳಿಬರುತ್ತೇನೆ ಎಂದುಕೊಳ್ಳುತ್ತಿದ್ದೆ. ಈ ಸಲ ರಜೆ ಹಾಕಿ ಹೋಗಿಯೇಬಿಟ್ಟೆ.

ಪ್ರಕಾಶ ಬಾಗಿಲಲ್ಲೇ ಗುರುತು ಹಿಡಿದು ಒಳಗೆ ಕರೆದ. ನಾಗಮ್ಮ ಹೋದ ಚಳಿಗಾಲದಲ್ಲೇ ತೀರಿಹೋಗಿದ್ದಳು. ಏನಾಗಿತ್ತು ಎಂದು ಕೇಳಿದೆ. ಏನೂ ಇಲ್ಲ, ಉಣ್ಣುವುದು ಕಡಿಮೆ ಮಾಡುತ್ತಾ ಬಂದಳು ಎಂದ. ಅವನ ಹೆಂಡತಿ ಚಹಾ ತಂದಿಟ್ಟಳು.

"ಅವ್ವ ಕಡೀತನಕ ನಿಮ್ಮನ್ನ ಭಾಳ ನೆನಸ್ತಿದ್ಲರಿ ಸಿಸ್ಟರ್," ಎಂದ ಪ್ರಕಾಶ. "ಆ ಹುಡುಗಿ ನಿಮ್ಮಪ್ಪನ್ನ ಉಳಿಸಬೇಕಂತ ಕಟ್ಟಿದ್ಲು, ನಾ ಕಡಿಸಿದೆ. ಇದೊಂದೇ ಮಾತು ಅಂತಿದ್ಲು. ನಾವೂ ಆಕಿಗಿ ಏನು ಹೇಳಬೇಕ್ರಿ? ಕಡಿಸಿದ್ದಂತೂ ಖರೇ ಅದಲ್ಲ."

ಇಲ್ಲಪ್ಪಾ ಎಂದು ಶುರುಮಾಡಲು ಬಾಯಿ ತೆರೆದೆ. ಪ್ರಕಾಶ ಕಾಯುತ್ತಾ ನನ್ನನ್ನೇ ನೋಡುತ್ತಿದ್ದ. ಚಹಾದಲ್ಲಿ ಸಕ್ಕರೆ ಜಾಸ್ತಿಯಾಗಿದೆ ಎಂದೆ. ಅವರಿಬ್ಬರೂ ನಕ್ಕರು. ಕುಡಿದು ಮುಗಿಸಿ, ನಾಲ್ಕರ ಬಸ್ಸಿಗೆ ಸುರಪುರಕ್ಕೆ ಬಂದೆ.